ಮಂಡ್ಯದ ಅಕ್ಕಿ ಚೀಲದಲ್ಲಿ ಒಕೀಟಿ

ಗಿರಾಕಿ ಎಂದು ನೋಡಿದರೆ ವಸುಧಾ ನಷ್ಟದ ಬಾಬತ್ತು. ಇಪ್ಪತ್ತು ಪೌಂಡಿನ ಒಂದು ಅಕ್ಕಿ ಚೀಲ ಕೊಳ್ಳಲು ನಾಲ್ಕಾರು ಚೀಲ ತಟ್ಟಿ ನೋಡುತ್ತಾಳೆ, ಕರಿಬೇವನ್ನು ಎಲೆ ಎಲೆಯಾಗಿ ಬೆಳಕಿಗೆ ಹಿಡಿಯುತ್ತಾಳೆ, ಕೊನೆಗೆ ಅವಧಿ ಮುಗಿದ ಕೂಪನ್ ತೆಗೆಯುತ್ತಾಳೆ. ಪ್ಲೇನ್‌ಫೀಲ್ಡ್‌ನ ಮನೆಯಲ್ಲಿ ಹಾವು ಸಾಕಿಕೊಂಡಿರುವುದರಿಂದ ಅವಳಲ್ಲಿಗೆ ಅರಿಶಿನ ಕುಂಕುಮಕ್ಕೆ ಹೋಗುವವರೂ ಕಡಿಮೆ. ಹಾಗಾಗಿ ಖರೀದಿಯೂ ಕಡಿಮೆ.

ಆ ಶನಿವಾರ ಬೋಲಿಂಗ್‌ಬ್ರೂಕ್‌ನ ನಮ್ಮ ಇಂಡಿಯನ್ ದಿನಸಿ ಅಂಗಡಿಯಲ್ಲಿ ಅವಳು ಬದನೆಕಾಯಿ ಆರಿಸುತ್ತಿದ್ದಾಗ ಹಿಂದಿನ ಗೋದಾಮಿನಲ್ಲಿ ಕೆಲಸದ ಹುಡುಗ ಹರಿ ಚೀರಿದ. ಅಕ್ಕಿ ಚೀಲಗಳ ಸಂದಿಗೆ ಕೈ ಹಾಕಿದವನನ್ನು ಹಾವು ಕಚ್ಚಿತ್ತು. ಅವಳು ಓಡಿಬಂದಾಗ ಮ್ಯಾನೇಜರ್ ದ್ವಾರಕಾನಾಥ ಹಾವಿನ ಮೇಲೆ ಬಕೆಟ್ ಬೋರಲು ಹಾಕಿ, ಹರಿಯ ತೋಳಿಗೆ ದಾರ ಬಿಗಿಯುತ್ತಿದ್ದರು. ಡ್ರೈವರ್ ದಿನೇಶ ಬಾಗಿಲಿಗೆ ಅಂಟಿಕೊಂಡು ನಿಂತಿದ್ದ.

“ಕೊಳಕುಮಂಡಲ ಕಣಮ್ಮ,” ಎಂದರು ದ್ವಾರಕಾನಾಥ. “ಮಂಡ್ಯದ ಅಕ್ಕಿ ಜೊತೆ ಹಡಗು ಹತ್ತಿ ಬಂದಿದೆ. ಬೆನ್ನ ಮೇಲೆ ಕರಿ ಅಂಚಿನ ಮಚ್ಚೆ. ನಮ್ಮ ಗದ್ದೇಲಿ ಎಷ್ಟು ನೋಡಿಲ್ಲ ನಾನು.”

“ಆಂಬ್ಯುಲೆನ್ಸ್‌ಗೆ ಹೇಳಿದ್ರಾ ಅಂಕಲ್?”

“ಬರ್ತಿದೆ. ಊರಿನ ಹಾವು ಅಂದ್ನಲ್ಲ, ಔಷಧಿ ಯಾವುದೋ ಝೂನಿಂದ ತರಿಸ್ಬೇಕಂತೆ.”

ಹರಿಯ ತುಟಿ ಬಿಳಿಚಿತ್ತು. “ವಸುಧಕ್ಕ, ಸಾಯ್ತೀನಾ?”

“ಸುಮ್ನೆ ಕೂತ್ಕೋ. ಕೈ ಅಲ್ಲಾಡಿಸ್ಬೇಡ.”

ರಕ್ತ ನಿಂತರೆ ಕೈಯೇ ಕೆಡುತ್ತದೆಂದು ಅವಳು ದಾರ ಬಿಚ್ಚಿದಳು. ಬೆರಳಿನ ಮೇಲೆ ವಿಷದ ಹಲ್ಲಿನ ತೂತುಗಳಿಲ್ಲ, ಸಣ್ಣ ಗೀರುಗಳ ಸಾಲು ಅಷ್ಟೆ, ಊತವೂ ಇಲ್ಲ. ಆದರೆ ಊತ ಬರಲು ಹೊತ್ತು ಹಿಡಿಯುತ್ತದೆ. ತಾನು ತಪ್ಪು ಹೇಳಿದರೆ ಹರಿ ಉಳಿಯುವುದಿಲ್ಲ. ಬಕೆಟ್ಟಿನೊಳಗೆ ಬಾಲ ಪಟಪಟನೆ ಬಡಿಯುತ್ತಿತ್ತು.

ಪೊರಕೆಯ ತುದಿಯಿಂದ ಬಕೆಟ್ ಎತ್ತಿದಳು. ಕಿತ್ತಳೆ ಮೈ, ಇಟ್ಟಿಗೆ ಬಣ್ಣದ ಮಚ್ಚೆಗಳು, ಸುತ್ತ ದಪ್ಪ ಕಪ್ಪು ಅಂಚು. ತಲೆ ಕಿರಿದು, ಕಣ್ಣಪಾಪೆ ದುಂಡಗೆ; ಕೊಳಕುಮಂಡಲಕ್ಕೆ ಹಾಗಿರುವುದಿಲ್ಲ. ಅಷ್ಟು ಸಾಲದು. ಹಾವು ಪೊರಕೆಗೆ ಸುತ್ತಿಕೊಂಡಾಗ ಹೊಟ್ಟೆ ಕಾಣಿಸಿತು: ಚದುರಂಗದ ಮನೆಗಳಂತೆ ಕಪ್ಪು ಬಿಳಿ ಚೌಕ.

“ಕಾರ್ನ್ ಸ್ನೇಕ್. ವಿಷ ಇಲ್ಲ,” ಎಂದಳು. “ಅದರಲ್ಲೂ ಒಕೀಟಿ ಅನ್ನೋ ತಳಿ. ಈ ದಪ್ಪ ಅಂಚಿಗೋಸ್ಕರಾನೇ ಆರಿಸಿ ಮರಿ ಮಾಡಿಸ್ತಾರೆ. ಮಂಡ್ಯದ್ದಲ್ಲ, ಈ ಕಡೆ ಕಾಡಿಂದೂ ಅಲ್ಲ. ಯಾರೋ ಸಾಕಿದ್ದು.”

“ಸಾಕಿದ್ದು ಇಲ್ಲಿಗೆ ಅಕ್ಕಿ ತಿನ್ನಕ್ಕೆ ಬಂತಾ? ಹುಡುಗನ ಜೀವ ಕಣಮ್ಮ. ಗ್ಯಾರಂಟಿ ಏನು?”

ಸೈರನ್ ಹತ್ತಿರವಾಗುತ್ತಿತ್ತು. ವಸುಧಾ ಬರಿಗೈಯಲ್ಲಿ ಹಾವನ್ನೆತ್ತಿಕೊಂಡಳು. ಅದು ಅವಳ ಮಣಿಕಟ್ಟಿಗೆ ಮೆಲ್ಲಗೆ ಸುತ್ತಿಕೊಂಡಿತು.

“ಇದಕ್ಕೆ ಕೈ ಅಭ್ಯಾಸ ಇದೆ,” ಎಂದು ಎಲ್ಲರ ಮುಖ ನೋಡಿದಳು. “ಯಾರದ್ದು ಅಂತ ಈಗ್ಲೇ ಹೇಳಿ. ಇಲ್ದಿದ್ರೆ ಇವನಿಗೆ ಬೇಡದ ಔಷಧಿ ಚುಚ್ತಾರೆ.”

ದಿನೇಶ ನೆಲ ನೋಡಿದ. “ನಂದೇ ಮೇಡಂ. ಡೆಟ್ರಾಯಿಟ್‌ಗೆ ಲೋಡ್ ಹೊಡೆದಾಗ ಅಲ್ಲೊಂದು ಹಾವಿನ ಮೇಳದಲ್ಲಿ ತಗೊಂಡೆ, ಮಗಳು ಗಗನಾ ಬರ್ತ್‌ಡೇಗೆ. ಟ್ರಕ್ಕಲ್ಲಿ ಡಬ್ಬಿ ಮುಚ್ಚಳ ತೆರ್ಕೊಂಡಿತ್ತು, ಅಕ್ಕಿ ಚೀಲದ ಜೊತೆ ಇಲ್ಲಿ ಇಳಿದಿರ್ಬೇಕು. ಹೇಳಿದ್ರೆ ಕೆಲಸ ಹೋಗುತ್ತೆ ಅಂತ…”

“ನಿನ್ನ ಮಗಳಿಗೆ ಗೊಂಬೆ ಸಿಗಲಿಲ್ವೇನಯ್ಯಾ?” ಎಂದು ದ್ವಾರಕಾನಾಥ ಚೀಲದ ಮೇಲೆ ಕುಸಿದು ಕೂತರು.

ಆಂಬ್ಯುಲೆನ್ಸ್‌ನವರಿಗೆ ವಸುಧಾ ಹಾವನ್ನೇ ತೋರಿಸಿದಳು. ಆಸ್ಪತ್ರೆಯ ಡಾಕ್ಟರು ಫೋಟೋ ನೋಡಿ ಅವಳ ಮಾತನ್ನೇ ಹೇಳಿ, ಗಾಯ ತೊಳೆದು ಹರಿಯನ್ನು ಕಳಿಸಿಕೊಟ್ಟರು.

ಹರಿ ನನ್ನ ತಂಗಿಯ ಮಗ. ಬಿಗಿದ ದಾರದಿಂದ, ಬೇಡದ ಔಷಧಿಯಿಂದ ಅವನನ್ನು ಉಳಿಸಿದವಳು ವಸುಧಾ. ಆ ಋಣ ನನ್ನ ಮೇಲಿದೆ.