ನೂರಕ್ಕೆ ಹನ್ನೊಂದು

ಅವರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಗುಲಾಬಿ ಬಣ್ಣಕ್ಕಿರುತ್ತಿತ್ತು. ಸ್ಲೈಡುಗಳಿಗೆ ಹಾಕುವ ಬಣ್ಣ, ಎಷ್ಟು ತೊಳೆದರೂ ಹೋಗದು. ಲಿಂಗಸುಗೂರಿನ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದ ಅಟೆಂಡರ್ ಅವರು. ಓದಿದ್ದು ಏಳನೆಯ ತರಗತಿ. ನಮಗೆಲ್ಲ ಕಾಕಾ.

ಮಸ್ಕಿಯಿಂದ ದಿನವೂ ಬಸ್ಸಿಗೆ ಹೋಗಿಬಂದು ಓದುತ್ತಿದ್ದ ನಾನು ಒಮ್ಮೆ ಸೀ ಅರ್ಚಿನ್ ಭ್ರೂಣದ ಸ್ಲೈಡು ನೋಡಿ ‘ಎಂಟು ಕೋಶ’ ಎಂದು ಬರೆದೆ. ಸೀ ಅರ್ಚಿನ್ ಎಂದರೆ ಮೈತುಂಬ ಮುಳ್ಳಿರುವ, ಚೆಂಡಿನಂಥ ಕಡಲಜೀವಿ. ಕಾಕಾ ಹಿಂದಿನಿಂದ ಇಣುಕಿದರು.

“ಎಷ್ಟು ಕಂಡ್ವು ಯವ್ವಾ?”

“ಏಳು ರೀ. ಆದ್ರ ಪುಸ್ತಕದಾಗ ಎಂಟು ಐತ್ರಿ.”

“ಪುಸ್ತಕದ್ದು ಪುಸ್ತಕದಾಗ ಇರ್ಲಿ. ನೀ ಕಂಡಷ್ಟು ಬರಿ.”

ಹೊಡೆದುಹಾಕಿ ಏಳು ಎಂದು ಬರೆದೆ. ದಿನಚರಿಯಲ್ಲಿ ಎಣಿಕೆ ಬರೆದಿಡುವ ಚಟ ನನಗೆ ಹತ್ತಿದ್ದು ಅಂದಿನಿಂದ.

ಆ ಸ್ಲೈಡುಗಳನ್ನು ಮೂವತ್ತು ವರ್ಷ ಒರೆಸಿದ್ದ ಕಾಕಾ, ತತ್ತಿಯೊಂದು ಜೀವಂತವಾಗಿ ಎರಡಾಗುವುದನ್ನು ಒಮ್ಮೆಯೂ ನೋಡಿರಲಿಲ್ಲ. ನಾನು ಸಂಶೋಧನೆಗೆಂದು ಕಾರವಾರ ಸೇರಿದ ಮೇಲೆ, ಅವರ ನಿವೃತ್ತಿಗೆ ಮೂರೇ ದಿನ ಉಳಿದಿದ್ದಾಗ, ಸೀ ಅರ್ಚಿನ್ನಿನ ತತ್ತಿ ಒಂದು ಬಾಟಲಿಯಲ್ಲಿ, ವೀರ್ಯ ಇನ್ನೊಂದರಲ್ಲಿ ತುಂಬಿ, ಐಸಿನ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ನಮ್ಮ ಕಾಲೇಜಿಗೆ ತಂದೆ.

ಬಟ್ಟಲಲ್ಲಿ ಎರಡನ್ನೂ ಬೆರೆಸಿದೆ. ಲಿಂಗಸುಗೂರಿನ ಬಿಸಿಲಿಗೆ ತತ್ತಿ ಉಳಿಯುತ್ತವೋ ಇಲ್ಲವೋ ಎಂಬ ಭಯ. ಕಾಕಾ ಕುಡಿಯುವ ನೀರಿನ ಮಣ್ಣಿನ ಹರವಿಗೆ ಸುತ್ತಿದ್ದ ಹಸಿ ಬಟ್ಟೆ ಬಿಚ್ಚಿ ಬಟ್ಟಲಿನ ಕೆಳಗೆ ಹಾಸಿದರು. ಒಂದು ತಾಸು ಏನೂ ಆಗಲಿಲ್ಲ.

“ನಿನ್ನ ಸಮುದ್ರದ ಮಂದಿಗೆ ನಮ್ಮೂರು ಹಿಡಿಸ್ಲಿಲ್ಲೇನಬೇ?” ಎಂದು ನಕ್ಕರು. ಕಣ್ಣು ಮಾತ್ರ ಸೂಕ್ಷ್ಮದರ್ಶಕದಿಂದ ತೆಗೆಯಲಿಲ್ಲ. ಆಮೇಲೆ ನಗುವೂ ನಿಂತಿತು.

“ನಡಾ ಸಣ್ಣ ಆಗಾಕತ್ತೈತಿ... ತಡಿ... ಒಡೀತು! ಎರಡಾತು ನೋಡಬೇ!”

ನೂರು ತತ್ತಿ ಎಣಿಸಿದೆವು. ಒಡೆದವು ಹನ್ನೊಂದೇ. ಕಾರವಾರದಲ್ಲಿ ತೊಂಬತ್ತು ದಾಟುತ್ತಿತ್ತು. ನನಗೆ ನಾಚಿಕೆಯಾಯಿತು. ನಡು ಸಣ್ಣಗಾಗಿ ಅಲ್ಲೇ ನಿಂತಿದ್ದ ಒಂಬತ್ತನ್ನೂ ಸೇರಿಸಿ ಇಪ್ಪತ್ತು ಎಂದೆ.

“ಅವು ಒಡದಿಲ್ಲ. ನನ್ನ ಖುಷಿ ಮಾಡಾಕ ಲೆಕ್ಕ ಕೆಡಿಸಬ್ಯಾಡ, ಅವನ್ನ ಬ್ಯಾರೆ ಬರಿ. ಸಮುದ್ರ ಇಲ್ಲದ ಊರಾಗ ಹನ್ನೊಂದು ಕಡಿಮಿ ಆತೇನು?”

ಮರುವರ್ಷ ಕಾಕಾ ತೀರಿಕೊಂಡರು. ನನ್ನ ಎಣಿಕೆಯ ಪಟ್ಟಿಯಲ್ಲಿ ಆ ನೂರು ತತ್ತಿ ಎಣಿಸಿದ ದಿನದಿಂದ ಎರಡಲ್ಲ, ಮೂರು ಕಾಲಂ: ಒಡೆದವು, ಒಡೆಯದವು, ನಡು ಸಣ್ಣಗಾಗಿ ನಿಂತವು. ಮೂರನೆಯದು ಯಾಕೆಂದು ಮೊದಮೊದಲು ಕೇಳುತ್ತಿದ್ದ ಕಾರವಾರದ ಜೊತೆಗಾರರೆಲ್ಲ ಈಗ ತಾವೂ ಅದನ್ನು ಹಾಕುತ್ತಾರೆ. ಅದಕ್ಕೆ ಅವರೇ ಇಟ್ಟ ಹೆಸರು ‘ಲಿಂಗಸುಗೂರು ಕಾಲಂ’.