ಬಾಣಲೆ ಇಡಬಾರದೆಂಬ ನಿಯಮ

ಮೊಬೈಲಿನೊಳಗಿನ ಎಐಗೆ ಏನಾದರೂ ಹೇಳುವಾಗ ನಾವೆಲ್ಲ, ಕಿವಿ ಮಂದವಾದ ಮಾವನವರ ಜೊತೆ ಮಾತನಾಡುವಂತೆ, ತುಸು ಬಾಗಿ, ದನಿ ಏರಿಸಿ, ಒಂದೊಂದೇ ಮಾತನ್ನು ಬಿಡಿಸಿ ಹೇಳುತ್ತೇವೆ. ನೀವೂ ಗಮನಿಸಿರಬಹುದು. ಆರನೇ ತರಗತಿಗೇ ಶಾಲೆಗೆ ಕೈಮುಗಿದು ಬಂದ ನಾನಂತೂ ಅದರ ಮುಂದೆ ಕೈಯನ್ನೂ ಆಡಿಸುತ್ತೇನೆ. ನನ್ನ ಕೈ ಅದಕ್ಕೆ ಕಾಣುವುದಿಲ್ಲವೆಂದು ಗೊತ್ತಿದ್ದರೂ ಆಡಿಸುತ್ತೇನೆ.

ನನ್ನದು ಅಡುಗೆಯ ಕಸುಬು. ರಾಯಚೂರಿನಲ್ಲಿ ನಾನು, ದೇವದುರ್ಗದಲ್ಲಿ ನನ್ನ ಅಕ್ಕ. ಮದುವೆಯಿರಲಿ, ತೊಟ್ಟಿಲಿರಲಿ, ಸಾವಿನ ಕಾರ್ಯವಿರಲಿ, ಇಬ್ಬರೂ ಕೂಡಿ ಹೋಗಿ ಅಡುಗೆ ಮಾಡಿ ಬರುತ್ತೇವೆ. 'ಕೂಡಿ' ಎಂಬುದು ನನ್ನ ಮರ್ಯಾದೆಗಾಗಿ ಬರೆದ ಮಾತು. ಎಷ್ಟು ಜನಕ್ಕೆ ಎಷ್ಟು ಬೇಳೆ, ಯಾವ ಮನೆಗೆ ಯಾವ ಸಿಹಿ ಎಂಬ ಸಕಲ ಜ್ಞಾನವೂ ಅಕ್ಕನ ತಲೆಯಲ್ಲಿತ್ತು. ನನ್ನ ಪಾಲಿಗೆ ಸಿಲಿಂಡರು, ದೊಡ್ಡ ಪಾತ್ರೆಗಳು ಮತ್ತು ಬೈಗುಳ.

ಶಕ್ತಿನಗರದ ಗೆಳೆಯನೊಬ್ಬ, ಸಾಮಾನಿನ ಪಟ್ಟಿಗಾಗಿ ನಾನು ಪ್ರತಿ ಸಲವೂ ಎಐಗೆ ಮೊದಲಿನಿಂದ ಕಥೆ ಹೇಳುವುದನ್ನು ನೋಡಿ ನಕ್ಕ. "ಲೇ, ದಿನಾ ಹೊಸಬನ್ನ ಕೆಲಸಕ್ಕ ಹಚ್ಚಿಕೊಂಡಂಗ ಮಾಡಾಕತ್ತೀಯಲ್ಲ! ನಿಮ್ಮ ಪದ್ಧತಿ ಎಲ್ಲಾ ಒಂದು ಸಲ ಹೇಳಿ ಇಟ್ಟುಬಿಡು. ಆಮ್ಯಾಲ ಕಾರ್ಯ ಯಾವುದು, ಜನ ಎಷ್ಟು ಅಂದ್ರ ಸಾಕು."

ಇಟ್ಟೆ. ಅಕ್ಕನ ಜೊತೆ ಬಸ್ಸಿನಲ್ಲಿ ಕೂತಾಗೆಲ್ಲ, ಹೊತ್ತು ಹೋಗಲಿಕ್ಕೆಂಬಂತೆ ಒಂದೊಂದನ್ನೇ ಕೇಳಿ, ಮನೆಗೆ ಬಂದು ಮೊಬೈಲಿಗೆ ಒಪ್ಪಿಸಿದೆ. ಮಾನ್ವಿಯ ಕಾಲುವೆ ನೀರಿನ ಊರುಗಳಿಗೆ ಅನ್ನ ಹೆಚ್ಚು, ದೇವದುರ್ಗದ ಕಡೆ ರೊಟ್ಟಿ ಹೆಚ್ಚು. ತೊಟ್ಟಿಲಿಗೆ ಹೆಂಗಸರೇ ಹೆಚ್ಚು ಬರುವುದರಿಂದ ಸಿಹಿ ಕಡಿಮೆ ಬೀಳಬಾರದು. ಸಾವಿನ ಮನೆಯಲ್ಲಿ ಬಾಣಲೆ ಇಡಬಾರದು, ಕರಿದದ್ದು ಕೂಡದು. ಯಾಕೆ ಕೇಳುತ್ತಿದ್ದೇನೆಂದು ಮಾತ್ರ ಅವಳಿಗೆ ಹೇಳಲಿಲ್ಲ. ಇದನ್ನು ಕಲಿಕೆಯೆನ್ನಬೇಕೋ ಕಳ್ಳತನವೆನ್ನಬೇಕೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

ತಪ್ಪೆಂದು ಬಗೆಹರಿದದ್ದು ಬೇರೆಯೇ ಇದೆ. ಮಾನ್ವಿಯಿಂದ ಒಬ್ಬ ಅಜ್ಜಿ ಫೋನು ಮಾಡಿ, ಗಂಡನ ಹನ್ನೊಂದನೇ ದಿನದ ಅಡುಗೆಗೆ ಕರೆದರು. "ಅಕ್ಕನ್ನೂ ಕರಕೊಂಡು ಬಾರಪ," ಎಂದರು. "ಅಕ್ಕಗ ಆರಾಮಿಲ್ರೀ ಯವ್ವಾ," ಎಂದುಬಿಟ್ಟೆ. ಅಕ್ಕ ಆ ಹೊತ್ತಿನಲ್ಲಿ ದೇವದುರ್ಗದಲ್ಲಿ ಗುಂಡುಕಲ್ಲಿನ ಹಾಗಿದ್ದಳು. ಅವಳಿಲ್ಲದೆ ಒಂದು ಕಾರ್ಯವನ್ನು ದಾಟಿಸಿ ನೋಡುವ ಚಪಲ ನನಗೆ.

ಅಡುಗೆಯೇನೋ ಚೆನ್ನಾಗಿಯೇ ಆಯಿತು. ಫೋಟೋದ ಮುಂದೆ ಎಡೆ ಇಡುವ ಹೊತ್ತಿಗೆ ಅಜ್ಜಿ ಒಲೆಯ ಹತ್ತಿರ ಬಂದರು.

"ನಾಕು ಮಿರ್ಚಿ ಭಜಿ ಕರಿದು ಕೊಡ್ತೀಯೇನಪ? ಅವರಿಗೆ ಮಿರ್ಚಿ ಅಂದ್ರ ಜೀವ. ಡಾಕ್ಟರು ಬ್ಯಾಡಂದ್ರು ಅಂತ ನಾನೇ ಬಿಡಿಸಿದ್ದೆ. ಬೈಕೊಂತನೇ ಹೋದ್ರು. ಇವತ್ತರ ಇಡಬೇಕಂತ ಮಾಡೀನಿ."

ನಾನು ಮೊಬೈಲನ್ನು ಕೇಳಿದೆ. ನಾನೇ ಹೇಳಿಟ್ಟಿದ್ದ ಮಾತನ್ನು ಅದು ಬಹಳ ವಿನಯದಿಂದ ನನಗೇ ಹೇಳಿತು. ಅದರಿಂದ ಬಂದ ಪಾಂಡಿತ್ಯದಲ್ಲಿ ನಾನು, "ಸಾವಿನ ಮನ್ಯಾಗ ಬಾಣಲಿ ಇಡಂಗಿಲ್ರೀ ಯವ್ವಾ, ಪದ್ಧತಿ ಇಲ್ಲ," ಎಂದೆ. "ಹಂಗೇನಪ," ಎಂದು ಅವರು ಒಳಗೆ ಹೋಗಿ, ಇದ್ದದ್ದನ್ನೇ ಎಡೆ ಇಟ್ಟರು.

ಆ 'ಹಂಗೇನಪ' ನನ್ನ ಜೊತೆಗೇ ರಾಯಚೂರಿಗೆ ಬಂತು. ಮರುದಿನ ದೇವದುರ್ಗಕ್ಕೆ ಹೋಗಿ ಅಕ್ಕನ ಮುಂದೆ ಎಲ್ಲ ಹೇಳಿದೆ. ಅವಳಿಗೆ ಆರಾಮಿಲ್ಲವೆಂದ ಸುಳ್ಳನ್ನು ಬಿಟ್ಟು. ಅವಸರದಲ್ಲಿ ನಿನ್ನನ್ನು ಕರೆಯಲಾಗಲಿಲ್ಲ ಎಂಬ ಇನ್ನೊಂದು ಸುಳ್ಳನ್ನು ಸೇರಿಸಿ.

"ನನ್ನ ಮಾತು ಮೊಬೈಲಿನ್ಯಾಗ ಇಟ್ಟೀಯಾ? ಇಟ್ಕೋ, ಅದಕ್ಕೇನು," ಎಂದಳು. "ಹಿಂದಿನ ದಿನ ಆ ಮನಿಗೆ ಹೋಗಿ ಕುಂತು ಬಂದಿದ್ದೇನು?"

ಸಾವಿನ ಅಡುಗೆಯೆಂದರೆ ಅಕ್ಕ ಹಿಂದಿನ ದಿನ ಒಬ್ಬಳೇ ಆ ಮನೆಗೆ ಹೋಗಿ ಬರುತ್ತಿದ್ದಳು. ನಾನು ಅದನ್ನು ಹರಟೆಯೆಂದುಕೊಂಡು ನಿಯಮಗಳಲ್ಲಿ ಸೇರಿಸಿರಲಿಲ್ಲ.

"ಬಾಣಲಿ ಇಡಬಾರದು ಅಂತ ನೀನೇ ಹೇಳಿದ್ದಿಯಲ್ಲಕ್ಕಾ?"

"ಹೇಳೀನಿ. ಅವರಾಗೇ ಕೇಳಿದ್ರ ಇಡಬೇಕು."

"ಹಂಗಾರ ಈ ಮೊಬೈಲಿಗೆ ಏನಂತ ಹೇಳ್ಲಿ? ಇಡಬೇಕಂತಲೋ, ಇಡಬಾರದಂತಲೋ?"

"ನನಗೂ ಹೇಳಾಕ ಬರವಲ್ದಲೇ ತಮ್ಮಾ. ಹೋಗಿ ಕುಂತ್ರ ಗೊತ್ತಾಗತದ." ಆಮೇಲೆ ಎದ್ದು ನಿಂತು, "ನಾಡದು ಅಮಾಸಿ. ಅವರು ಎಡಿ ಇಡ್ತಾರ. ಕಡ್ಲಿಹಿಟ್ಟು, ಮೆಣಸಿನಕಾಯಿ ತಗೋ. ಮಾನ್ವಿಗೆ ಹೋಗೂಣು," ಎಂದಳು.

ಅಮಾವಾಸ್ಯೆಯ ದಿನ ಬಸ್ಸಿನುದ್ದಕ್ಕೂ ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ತೆರೆದಾಗೆಲ್ಲ ಎಣ್ಣೆ ಎಷ್ಟು ಬೇಕು, ಉಪ್ಪು ಯಾವಾಗ ಎಂದು ಕೇಳಿ ಮುಚ್ಚಿದೆ.

ಅಜ್ಜಿ ಬಾಗಿಲಲ್ಲೇ ಅಕ್ಕನ ಕೈ ಹಿಡಿದುಕೊಂಡರು. "ಆರಾಮಾದ್ಯೇನವ್ವಾ? ನಿನಗ ಮೈಯಾಗ ಚೊಲೋ ಇಲ್ಲ ಅಂತ ನಿನ್ನ ತಮ್ಮ ಹೇಳಿದ್ದ."

ಅಕ್ಕ ನನ್ನ ಕಡೆ ನೋಡಿದಳು. ಬಹಳ ಹೊತ್ತೇನೂ ನೋಡಲಿಲ್ಲ.

"ಈಗ ಆರಾಮದೀನ್ರಿ ಯವ್ವಾ," ಎಂದಳು.

ಬಾಣಲೆ ಇಟ್ಟೆವು. ಮಿರ್ಚಿ ಎಡೆಗೆ ಹೋಯಿತು. ಅಜ್ಜಿ ಫೋಟೋದ ಮುಂದೆ ಕೂತು, "ತಿನ್ರಿ ಇನ್ನ," ಎಂದರು. ತಿರುಗಿ ಬರುವಾಗ ಅಕ್ಕ ಆ ಮಾತೆತ್ತಲಿಲ್ಲ, ಇಂದಿನವರೆಗೂ ಎತ್ತಿಲ್ಲ. ನಾನೂ ಎತ್ತಲಾರದೆ ಇದನ್ನು ಬರೆದೆ. ಅವಳಿಗೆ ಓದಲು ಬಾರದು. ಮೊಬೈಲಿಗೆ ಕೊಟ್ಟರೆ ಅದು ನನಗಿಂತ ಸ್ಪಷ್ಟವಾಗಿ, ಎಲ್ಲಿಯೂ ತಡವರಿಸದೆ ಓದಿ ಹೇಳೀತು. ಕೊಡುವುದಿಲ್ಲ. ನಾಳೆ ದೇವದುರ್ಗಕ್ಕೆ ಹೋಗಿ, ಅಕ್ಕನ ಎದುರು ಕೂತು, ನಾನೇ ತಡವರಿಸುತ್ತ ಓದುತ್ತೇನೆ.