ಕಂಚಿಕಾಯಿ ಸೋಡಾದ ಉಸಾಬರಿ

ದಿಲ್ಶಾದ್ ಬೇಗಂಳ ಗಂಡ ಬಂದೇನವಾಜ್, ಜಾಗೀರದಾರರೊಬ್ಬರ ಹವೇಲಿಯಲ್ಲಿ ಅತಿಥಿಗಳಿಗೆ ಶರಬತ್ತು, ಬ್ರಾಂಡಿ ಬೆರೆಸಿ ಕೊಡುವ ಕೆಲಸದಲ್ಲಿದ್ದವನು. ಹೈದರಾಬಾದ್ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯಾದ ಮರುವರ್ಷ ಜಾಗೀರು ರದ್ದಾಯಿತು. ಜಾಗೀರದಾರರು ಹೈದರಾಬಾದಿಗೆ ಹೊರಟುಹೋದರು. ದಿಲ್ಶಾದ್ ತನ್ನ ಅಣ್ಣನ ಹಳೆಯ ಸೋಡಾ ಯಂತ್ರ ತರಿಸಿ, ಕಲಬುರಗಿಯ ಸ್ಟೇಷನ್ ರಸ್ತೆಯಲ್ಲಿ ಗಂಡನಿಗೊಂದು ಅಂಗಡಿ ಹಾಕಿಕೊಟ್ಟಳು. ಬಿಸಿಲಲ್ಲಿ ಬಂದವರು ಗೋಲಿ ಸೋಡಾ ಕೇಳಿದರೆ ಅವನು ಕೊಡುತ್ತಿದ್ದ. ಜೊತೆಗೆ, ಹವೇಲಿಯಲ್ಲಿ ಸೋಡಾವನ್ನು ಯಾವುದರ ಜೊತೆ ಕುಡಿಯುತ್ತಿದ್ದರು ಎಂಬುದನ್ನೂ ಹೇಳುತ್ತಿದ್ದ. ಒಳಗೆ ಬಾಟಲಿ ತೊಳೆಯುತ್ತ ಕೂತ ದಿಲ್ಶಾದ್‌ಗೆ ಆ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ಒಂದು ಬೇಸಿಗೆಯಲ್ಲಿ ಆ ಮಾತಿಗೆ ಒಬ್ಬ ಸಾಹೇಬರು ಸಿಕ್ಕಿಬಿದ್ದರು. ಪುಣೆಯ ಕಡೆಯಿಂದ ಹೊಸದಾಗಿ ಬಂದ ಅಧಿಕಾರಿ. ಅವರ ಸೀಮೆಯಲ್ಲಿ ಸರಾಯಿ ಬಂದ್ ಆಗಿತ್ತು, ಹೈದರಾಬಾದ್ ರಾಜ್ಯದಲ್ಲಿ ಇನ್ನೂ ಸಿಗುತ್ತಿತ್ತು. ಬರುವ ಭಾನುವಾರ ಕಮಲಾಪುರದ ಮುಸಾಫಿರಿ ಬಂಗಲೆಯಲ್ಲಿ ನಾಲ್ಕು ಜನ ಸೇರುತ್ತೇವೆ, ಊಟಕ್ಕೆ ಮುಂಚೆ ಕುಡಿಯಲು ತಣ್ಣಗೆ, ಹುಳಿಯಾಗಿ, ತುಸು ಕಹಿಯಾಗಿ, ಗುಳ್ಳೆ ಏಳುವಂಥದ್ದು ಏನಾದರೂ ಬೆರೆಸಿ ಕೊಡು ಎಂದರು.

ಅಂದಿನಿಂದ ಮನೆಯಲ್ಲಿ ಅಡುಗೆ ನಿಂತಿತು. ಬಂದೇನವಾಜ್ ನಿಂಬೆ ಹಿಂಡಿ ನೋಡಿದ, ಬರೀ ಹುಳಿ ಎಂದ. ಮೋಸಂಬಿ ಹಿಂಡಿ ನೋಡಿದ, ಜ್ವರದವರಿಗೆ ಕೊಡುವ ರಸ ಎಂದು ಚೆಲ್ಲಿದ. ಸಕ್ಕರೆ ಪಾಕ ಒಲೆಗೂ ನೆಲಕ್ಕೂ ಅಂಟಿ ಇರುವೆ ಸಾಲುಗಟ್ಟಿದವು. ಗ್ಯಾಸು ಹೆಚ್ಚಾಗಿ ಒಂದು ಬಾಟಲಿ ಸಿಡಿದು ಗೋಡೆಯ ಗಾರೆ ಉದುರಿತು. ಬೇಳೆ ಬೇಯಿಸುವ ಪಾತೆಲಿಯ ಮುಚ್ಚಳ ತೆಗೆದರೆ ಅದರಲ್ಲೂ ಸಿಪ್ಪೆ ನೆನೆಯುತ್ತಿತ್ತು.

"ಬ್ಯಾಳಿ ಎದರಾಗ ಕುದಸ್ಲಿ ನಾನು?" ಎಂದಳು ದಿಲ್ಶಾದ್.

"ಒಂದಿನ ಬ್ಯಾಳಿ ಇಲ್ಲಂದ್ರ ಏನಾಗ್ತದ? ಕಹಿ ಬರವಲ್ದು, ನನಗದ ಚಿಂತಿ. ಕಂಚಿಕಾಯಿ ಬೇಕು. ನಿಮ್ಮ ಭಾಗಕ್ಕನ ತೋಟದಾಗ ಅದಲ್ಲ, ಹೋಗಿ ತಗೊಂಡು ಬಾ."

ದಿಲ್ಶಾದ್ ಪಾತೆಲಿ ತಿಕ್ಕಿದಳು. ಭಾಗಮ್ಮ ಕಮಲಾಪುರದ ಲಿಂಗಾಯತ ರೈತರ ಮನೆಯಾಕೆ. ಪೊಲೀಸ್ ಕಾರ್ಯಾಚರಣೆಯ ಆ ದಿನಗಳಲ್ಲಿ ದಿಲ್ಶಾದ್‌ಳನ್ನೂ ಅವಳ ತಾಯಿಯನ್ನೂ ಜೋಳದ ಕೋಣೆಯಲ್ಲಿ ಅಡಗಿಸಿಟ್ಟು, ಮುಸಲ್ಮಾನರನ್ನು ಹುಡುಕುತ್ತ ಬಂದವರನ್ನು ಬಾಗಿಲಿಂದಲೇ ವಾಪಸು ಕಳಿಸಿದವಳು. ಅಂಥವಳ ಮುಂದೆ ಸರಾಯಿಗೆ ಬೆರೆಸಲು ಕಾಯಿ ಕೇಳುವುದು ಹೇಗೆ? ಸುಳ್ಳು ಹೇಳಲಂತೂ ಅವಳಿಗೆ ಮನಸ್ಸಾಗಲಿಲ್ಲ. ಆದರೂ ಮನೆ ಮತ್ತೆ ಮನೆಯಂತಾದರೆ ಸಾಕೆಂದು ಶನಿವಾರದ ಮೋಟಾರು ಹತ್ತಿದಳು.

ಇದ್ದದ್ದು ಇದ್ದಂತೆ ಹೇಳಿದಳು. ಭಾಗಮ್ಮ ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, "ಸೆರಿ ಕುಡಿಯವರ ಸಲುವಾಗಿ ನನ್ನ ಗಿಡದ ಕಾಯಿ ಕೊಡಂಗಿಲ್ಲ ತಂಗಿ. ಉಣ್ಣೂಕಿಂತ ಮೊದಲ ಕಹಿ ಯಾಕ ಕುಡೀತಾರ ಅವರು?" ಎಂದಳು.

"ಹಸಿವಿ ಆಗ್ಲಿ ಅಂತ, ಅಕ್ಕಾ."

"ಹಸಿವಿ ಆಗವಲ್ದಂದ್ರ ಹೊಲಕ್ಕ ಬರಾಕ ಹೇಳು."

ದಿಲ್ಶಾದ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಟ್ಟೆಯ ಮೇಲೆ ಕೂತು, ಇರುವೆ, ಸಿಡಿದ ಬಾಟಲಿ, ಪಾತೆಲಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಭಾಗಮ್ಮ ಎದ್ದು ಹೋಗಿ, ಮಡಿಲು ತುಂಬ ಕಂಚಿಕಾಯಿ ಕಿತ್ತು ತಂದು ಅವಳ ಚೀಲಕ್ಕೆ ಸುರಿದಳು. "ನಿನಗ ಕೊಡಾಕತ್ತೀನಿ. ಅವರಿಗಲ್ಲ" ಎಂದಳು.

ಬಂದೇನವಾಜ್ ಕಾಯಿಯ ಹಸಿರು ಸಿಪ್ಪೆಯನ್ನು ಬಿಳಿ ಭಾಗ ಬಾರದಂತೆ ತೆಳ್ಳಗೆ ಹೆರೆದು, ಸಕ್ಕರೆಯಲ್ಲಿ ಹೊಸಕಿ ರಾತ್ರಿಯಿಡೀ ಇಟ್ಟ. ಬೆಳಿಗ್ಗೆ ಅದಕ್ಕೆ ರಸ ಹಿಂಡಿ, ಚಿಟಿಕೆ ಉಪ್ಪು ಹಾಕಿ ಸೋಸಿದ. ಘಮಘಮಿಸಿತು. ಅಷ್ಟರ ಮಟ್ಟಿಗೆ ಅವನು ಪಳಗಿದವನು ಎಂದು ದಿಲ್ಶಾದ್ ಕೂಡ ಒಪ್ಪಿದಳು. ಸೋಡಾ ಬಾಟಲಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬರ್ಫವನ್ನು ಕಟ್ಟಿಗೆ ಹೊಟ್ಟಿನಲ್ಲಿ ಹುಗಿದು, ಇಬ್ಬರೂ ಭಾನುವಾರ ಮಧ್ಯಾಹ್ನ ಬಂಗಲೆ ಮುಟ್ಟಿದರು. ದಾರಿಯಲ್ಲಿ ಬರ್ಫ ಅರ್ಧ ಕರಗಿತ್ತು.

ಸಂಜೆ ಸಾಹೇಬರು ಅಡುಗೆಮನೆಗೆ ಓಡಿಬಂದರು. ಮುಖದಲ್ಲಿ ರಕ್ತವಿರಲಿಲ್ಲ. ಅವರ ಮೇಲಧಿಕಾರಿ ಹೇಳದೆ ಕೇಳದೆ ಬಂದಿಳಿದಿದ್ದರು. ಖಾದಿಯವರು, ಸರಾಯಿ ವಾಸನೆ ಬಂದರೂ ಸಹಿಸದವರು. ಬ್ರಾಂಡಿ ಬಾಟಲಿ ಹೊರಗೆ ಕಾಣಬಾರದು, ಒಂದು ಹನಿಯೂ ಲೋಟಕ್ಕೆ ಬೀಳಬಾರದು ಎಂದು ಪಿಸುಗುಟ್ಟಿ ಹೋದರು.

ಬಂದೇನವಾಜ್ ಕೈಯಲ್ಲಿದ್ದ ಸೌಟು ಕೆಳಗಿಟ್ಟ. "ಬ್ರಾಂಡಿ ಇಲ್ಲಂದ್ರ ನಾನು ಬೆರಸಂಗಿಲ್ಲ. ಅರ್ಧಾ ಕೆಲಸಾ ಮಾಡಿ ನನ್ನ ಹೆಸರು ಕೆಡಿಸ್ಕೊಳ್ಲೇನು?"

"ಹೊರಗ ಐದು ಮಂದಿ ಕೂತಾರ ರೀ."

"ಕೂಡ್ಲಿ."

ಅವನು ಹಿತ್ತಿಲ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತ. ಒಂದು ವಾರದಿಂದ ತಡೆದುಕೊಂಡದ್ದೆಲ್ಲ ದಿಲ್ಶಾದ್‌ಗೆ ನಾಲಿಗೆಗೆ ಬಂತು. ಬೈಯಲು ಹೊತ್ತಿರಲಿಲ್ಲ. ಲೋಟಗಳಿಗೆ ಬರ್ಫ ಹಾಕಿ, ಕಂಚಿಯ ಪಾಕ ಹಾಕಿ, ಸೋಡಾದ ಗೋಲಿ ಒತ್ತಿ, ಗುಳ್ಳೆ ಸಾಯದಂತೆ ಲೋಟದ ಅಂಚಿನಿಂದ ಮೆಲ್ಲಗೆ ಇಳಿಸಿದಳು. ಬಂಗಲೆಯ ಜವಾನ ಇನಾಯತ್ ಹರಿವಾಣ ಹಿಡಿದು ಒಯ್ದ. ಖಾಲಿ ಲೋಟಗಳೊಂದಿಗೆ ಬಂದು, "ದೊಡ್ಡ ಸಾಹೇಬ್ರು ಇನ್ನೊಂದು ಕೇಳಾಕತ್ತಾರ" ಎಂದ.

ಬಂದೇನವಾಜ್ ಅದನ್ನು ಕೇಳಿಯೂ ತಿರುಗಲಿಲ್ಲ.

ಕತ್ತಲಾಗುವ ಮುಂಚೆ ದಿಲ್ಶಾದ್ ಉಳಿದ ಪಾಕ, ಒಂದು ಸೋಡಾ ತಗೊಂಡು ಭಾಗಮ್ಮನ ಮನೆಗೆ ಹೋದಳು. ಭಾಗಮ್ಮ ಒಂದು ಗುಟುಕು ಕುಡಿದು ಮುಖ ಕಿವುಚಿದಳು, ತೇಗಿದಳು. ಮತ್ತೆ ಲೋಟ ಎತ್ತಿ ತಳ ಕಾಣುವವರೆಗೆ ಕುಡಿದಳು.

ಮರುವರ್ಷದ ಬೇಸಿಗೆಗೆ ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಕಂಚಿ ಸೋಡಾ ಜೋರಾಗಿ ಮಾರಾಟವಾಯಿತು. ಬೆರೆಸುವವಳು ದಿಲ್ಶಾದ್, ಕೊಡುವವನು ಬಂದೇನವಾಜ್. ಕೊಡುವಾಗ ಪ್ರತಿಯೊಬ್ಬರಿಗೂ, "ಇದರಾಗ ಒಂದು ಕಮ್ಮಿ ಅದ" ಎನ್ನುತ್ತಿದ್ದ. ಏನು ಕಮ್ಮಿ ಎಂದು ಅವರು ಕೇಳುತ್ತಿದ್ದರು. ಅವನು ಹವೇಲಿಯ ಕತೆ ಶುರುಮಾಡುತ್ತಿದ್ದ, ಹಿಂದೆ ಗಿರಾಕಿಗಳ ಸಾಲು ಬೆಳೆಯುತ್ತಿತ್ತು. ಒಳಗಿನಿಂದ ದಿಲ್ಶಾದ್, "ಲೋಟ ಮೊದಲ ಕೊಡ್ರಿ" ಎಂದು ಕೂಗುತ್ತಿದ್ದಳು.